ಯುದ್ಧ ಗೆದ್ದು ಸೇನೆಯನ್ನೇ ರದ್ದು ಮಾಡಿದ ನಾಯಕ: ಕೋಸ್ಟರಿಕಾದ 'ಡಾನ್ ಪೆಪೆ' ಬದುಕಿನ ಕಥೆ

1948ರ ಡಿಸೆಂಬರ್ 1. ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾ. ರಾಜಧಾನಿ ಸ್ಯಾನ್ ಹೋಸೆಯ ಬೆಲ್ಲವಿಸ್ತಾ ಸೇನಾ ಕೋಟೆಯಲ್ಲಿ ಕುಳ್ಳಗಿನ ವ್ಯಕ್ತಿಯೊಬ್ಬರು ಸುತ್ತಿಗೆ ಎತ್ತಿ ಗೋಡೆಗೆ ಬಾರಿಸಿದರು. ದೇಶಕ್ಕೆ ಇನ್ನು ಸೇನೆ ಬೇಡ ಎಂಬುದರ ಘೋಷಣೆ ಅದು. ಸುತ್ತಿಗೆ ಹಿಡಿದವರು ಹೋಸೆ ಫಿಗೆರೆಸ್ ಫೆರರ್. ಜನರ ಬಾಯಲ್ಲಿ 'ಡಾನ್ ಪೆಪೆ'. ಅಚ್ಚರಿಯೆಂದರೆ, ಏಳು ತಿಂಗಳ ಹಿಂದಷ್ಟೇ ಅವರು ಬಂದೂಕಿನ ಬಲದಿಂದಲೇ ಅಧಿಕಾರಕ್ಕೆ ಬಂದಿದ್ದರು!

ರೈತನಾಗಿದ್ದವರು ಬಂಡಾಯಗಾರರಾದರು

ಫಿಗೆರೆಸ್ ಹುಟ್ಟಿದ್ದು 1906ರ ಸೆಪ್ಟೆಂಬರ್ 25ರಂದು, ಸ್ಯಾನ್ ರಮೋನ್ ಪಟ್ಟಣದಲ್ಲಿ. ಸ್ಪೇನ್‌ನ ಕ್ಯಾಟಲೋನಿಯಾದಿಂದ ಬಂದಿದ್ದ ತಂದೆ ವೈದ್ಯರು. ಯುವಕ ಫಿಗೆರೆಸ್ ಅಮೆರಿಕದ ಬೋಸ್ಟನ್‌ಗೆ ಹೋದರು. ಪದವಿ ಪಡೆಯಲಿಲ್ಲ, ಗ್ರಂಥಾಲಯದಲ್ಲಿ ಓದಿ ಕಲಿತರು. 1928ರಲ್ಲಿ ಮರಳಿ ಗುಡ್ಡಗಾಡಿನಲ್ಲಿ ಜಮೀನು ಕೊಂಡು ಕತ್ತಾಳೆ ಜಾತಿಯ ನಾರು ಬೆಳೆದು, ಹಗ್ಗ, ಚೀಲ ತಯಾರಿಸಿದರು. ತೋಟಕ್ಕೆ ಇಟ್ಟ ಹೆಸರು 'ಕೊನೆಯಿಲ್ಲದ ಹೋರಾಟ'.

1942ರಲ್ಲಿ ರೇಡಿಯೋ ಭಾಷಣದಲ್ಲಿ ಅಧ್ಯಕ್ಷ ರಫಾಯೆಲ್ ಕಾಲ್ಡೆರಾನ್ ಸರ್ಕಾರವನ್ನು ಟೀಕಿಸುತ್ತಿದ್ದಾಗಲೇ ಪೊಲೀಸರು ಬಂಧಿಸಿದರು. ಸುಮಾರು ಎರಡು ವರ್ಷ ಮೆಕ್ಸಿಕೋದಲ್ಲಿ ಗಡಿಪಾರಿನ ಬದುಕು.

44 ದಿನಗಳ ಅಂತರ್ಯುದ್ಧ

1948ರ ಫೆಬ್ರವರಿ ಚುನಾವಣೆಯಲ್ಲಿ ಪ್ರತಿಪಕ್ಷದ ಒಟಿಲಿಯೋ ಉಲಾಟೆ ಗೆದ್ದರು. ಸೋತವರು ಮತ್ತೆ ಅಧ್ಯಕ್ಷರಾಗಲು ಹೊರಟಿದ್ದ ಕಾಲ್ಡೆರಾನ್. ಆದರೆ ಅವರ ಬೆಂಬಲಿಗರೇ ಹೆಚ್ಚಿದ್ದ ಸಂಸತ್ತು ಫಲಿತಾಂಶವನ್ನೇ ರದ್ದು ಮಾಡಿತು. ಮಾರ್ಚ್ 12ರಂದು ಫಿಗೆರೆಸ್ ತಮ್ಮ ತೋಟದಿಂದಲೇ ದಂಗೆ ಎದ್ದರು. 44 ದಿನಗಳ ಕಾಳಗದಲ್ಲಿ ಸುಮಾರು 2,000 ಮಂದಿ ಸತ್ತರು ಎಂಬ ಅಂದಾಜಿದೆ. ಫಿಗೆರೆಸ್ ಗೆದ್ದು, ಮೇ 8ರಂದು ತಾತ್ಕಾಲಿಕ ಆಡಳಿತ ಮಂಡಳಿಯ ಮುಖ್ಯಸ್ಥರಾದರು.

ಮಂಡಳಿ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು, ಸಿರಿವಂತರ ಆಸ್ತಿಗೆ ಶೇ 10 ತೆರಿಗೆ ಹಾಕಿತು. ಕಾಲ್ಡೆರಾನ್ ತಂದಿದ್ದ ಕಾರ್ಮಿಕ ಕಾನೂನು, ಸಾಮಾಜಿಕ ವಿಮೆಯನ್ನು ಮಾತ್ರ ಕೈಬಿಡಲಿಲ್ಲ. 1949ರ ಹೊಸ ಸಂವಿಧಾನದ 12ನೇ ವಿಧಿ ಸೇನೆಯ ರದ್ದತಿಗೆ ಮುದ್ರೆ ಒತ್ತಿತು. ಮಹಿಳೆಯರಿಗೂ ಮತದಾನದ ಹಕ್ಕು ಸಿಕ್ಕಿತು. ನವೆಂಬರ್ 8ರಂದು ಫಿಗೆರೆಸ್ ಅಧಿಕಾರವನ್ನು ಚುನಾಯಿತ ಉಲಾಟೆಗೆ ಒಪ್ಪಿಸಿ ಹೊರನಡೆದರು.

ಕಪ್ಪುಚುಕ್ಕೆಗಳೂ ಇವೆ

ಡಾನ್ ಪೆಪೆ ಕಥೆ ಬರೀ ಹೊಗಳಿಕೆಯದಲ್ಲ. ಅವರ ಮಂಡಳಿ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿತು. 1948ರ ಡಿಸೆಂಬರ್‌ನಲ್ಲಿ ಆರು ಮಂದಿ ಬಂದಿಗಳನ್ನು ಕಾವಲಿನವರೇ ಕೊಂದರು. ತಮ್ಮ ವಿರುದ್ಧ ತಿರುಗಿಬೀಳಬಹುದಾದ ಸೇನೆಯನ್ನು ಇಲ್ಲವಾಗಿಸಿಕೊಂಡರು ಎಂಬ ವಿಶ್ಲೇಷಣೆಯೂ ಇದೆ.

ಸೇನೆಯಿಲ್ಲದ ಗಡಿಗೆ ಪರೀಕ್ಷೆ ತಕ್ಷಣವೇ ಎದುರಾಯಿತು. ಘೋಷಣೆಯ ಕೆಲವೇ ದಿನಗಳಲ್ಲಿ ಕಾಲ್ಡೆರಾನ್ ಬೆಂಬಲಿಗರು ನಿಕರಾಗುವಾ ಕಡೆಯಿಂದ ನುಗ್ಗಿದರು. 1955ರಲ್ಲೂ ಇದೇ ಆಯಿತು. ಎರಡೂ ಬಾರಿ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆ ಮಧ್ಯಪ್ರವೇಶಿಸಿತು.

1953 ಮತ್ತು 1970ರಲ್ಲಿ ಫಿಗೆರೆಸ್ ಮತದ ಮೂಲಕವೇ ಅಧ್ಯಕ್ಷರಾದರು. ಕೊನೆಯ ಅವಧಿಯಲ್ಲಿ, ಅಮೆರಿಕದಲ್ಲಿ ವಂಚನೆ ಆರೋಪ ಹೊತ್ತು ಓಡಿಬಂದ ಉದ್ಯಮಿ ರಾಬರ್ಟ್ ವೆಸ್ಕೋಗೆ ಆಶ್ರಯ ನೀಡಿ ಹೆಸರು ಕೆಡಿಸಿಕೊಂಡರು.

1990ರ ಜೂನ್ 8ರಂದು ಅವರು ನಿಧನರಾದರು. ನಾಲ್ಕು ವರ್ಷಗಳ ನಂತರ ಮಗ ಹೋಸೆ ಮರಿಯಾ ಅಧ್ಯಕ್ಷರಾದರು. ನೆರೆಯ ದೇಶಗಳು ಸೇನಾ ದಂಗೆ, ಅಂತರ್ಯುದ್ಧಗಳಲ್ಲಿ ನಲುಗಿದರೂ 1949ರ ನಂತರ ಕೋಸ್ಟರಿಕಾದಲ್ಲಿ ಅಧಿಕಾರ ಕೈಬದಲಾದದ್ದು ಮತಪೆಟ್ಟಿಗೆಯಿಂದ ಮಾತ್ರ. ಬೆಲ್ಲವಿಸ್ತಾ ಕೋಟೆ ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಅದರ ಗೋಡೆಗಳಲ್ಲಿ ಗುಂಡಿನ ಗುರುತುಗಳನ್ನು ಇಂದಿಗೂ ಕಾಣಬಹುದು.