ಮಷೀನ್ ಕೂಗಿದಲ್ಲೆಲ್ಲ ನಿಧಿ ಇರುತ್ತದೆಯೇ? ಚಂದ್ರವಳ್ಳಿ ಅಗೆದ ಎಂ.ಎಚ್. ಕೃಷ್ಣ ಅವರ ಬದುಕು ಹೇಳುವುದೇನು

ಹಳೆ ಕೋಟೆ, ಪಾಳುಬಿದ್ದ ಗುಡಿಯ ಹತ್ತಿರ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡಿದರೆ ಸಾಕು, ರಾಜರ ಕಾಲದ ನಾಣ್ಯ ಸಿಗುತ್ತದೆ ಎನ್ನುವ ವಿಡಿಯೊಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರು ಇದನ್ನು ಬೇಗ ನಂಬಿಬಿಡಬಹುದು. ಚನ್ನಗಿರಿಯಲ್ಲಿ ಕೋಟೆ ಇದೆ, ಸಂತೇಬೆನ್ನೂರಿನಲ್ಲಿ ಪುಷ್ಕರಣಿ ಇದೆ, ಹೊನ್ನಾಳಿ ಸೀಮೆಯಲ್ಲಿ ಬ್ರಿಟಿಷರ ಕಾಲದಲ್ಲಿ ಚಿನ್ನದ ಹುಡುಕಾಟವೂ ನಡೆದಿತ್ತು.

ಇದೇ ಸೀಮೆಯ ಪಕ್ಕದ ಚಿತ್ರದುರ್ಗದಲ್ಲಿ ಮಣ್ಣಿನಿಂದ ನಿಜವಾಗಿಯೂ ಹಳೆ ನಾಣ್ಯ ತೆಗೆದವರೊಬ್ಬರಿದ್ದರು. ಅವರ ಕೈಯಲ್ಲಿ ಇಂಥ ಮಷೀನ್ ಇರಲಿಲ್ಲ.

ಯಾರು ಈ ಎಂ.ಎಚ್. ಕೃಷ್ಣ?

ಕೃಷ್ಣ ಅವರು ಹುಟ್ಟಿದ್ದು 1892ರಲ್ಲಿ, ಮೈಸೂರಿನಲ್ಲಿ. ಅದೇ ವರ್ಷ ಬಿ.ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಸಿಕ್ಕ ಸುದ್ದಿಯನ್ನು ಜಗತ್ತಿಗೆ ತಿಳಿಸಿದ್ದರು. ಕೃಷ್ಣ ಅವರು ಮೈಸೂರಿನಲ್ಲಿ ಓದಿ, ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಗಿ, ದಖ್ಖನ್ ಪ್ರದೇಶದ ನಾಣ್ಯಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಮರಳಿ ಬಂದು ಮೈಸೂರಿನಲ್ಲಿ ಇತಿಹಾಸ ಪಾಠ ಮಾಡಿದರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾದರು.

1929ರಲ್ಲಿ ಅವರು ಚಿತ್ರದುರ್ಗದ ಬೆಟ್ಟಗಳ ನಡುವಿನ ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದರು. ಅಲ್ಲಿನ ಬಂಡೆಯ ಮೇಲಿದ್ದ ಕದಂಬರ ಮಯೂರಶರ್ಮನ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಕೆರೆ ಕಟ್ಟಿಸಿದ ವಿಷಯ ಆ ಶಾಸನದಲ್ಲಿದೆ. ಚಂದ್ರವಳ್ಳಿಯಲ್ಲಿ ಬೇರೆ ಬೇರೆ ಕಾಲದಲ್ಲಿ ನಡೆದ ಅಗೆತಗಳಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ನಾಣ್ಯಕ್ಕಿಂತ ಅದು ಬಿದ್ದಿದ್ದ ಜಾಗ ದೊಡ್ಡದು

ರೋಮ್ ಚಕ್ರವರ್ತಿಯ ಮುದ್ರೆ ಇರುವ ನಾಣ್ಯ ಯಾವ ಕಾಲದ್ದೆಂದು ಹೇಳಬಹುದು. ಅದರ ಜೊತೆ ಅದೇ ಮಣ್ಣಿನ ಪದರದಲ್ಲಿ ಮಡಕೆ ಚೂರು, ಮಣಿ, ಇಟ್ಟಿಗೆ ಇದ್ದರೆ, ಆ ಪದರ ನಾಣ್ಯ ಅಚ್ಚಾದ ಕಾಲಕ್ಕಿಂತ ಹಳೆಯದಾಗಿರಲಾರದು. ಹೀಗೆ ಒಂದು ಚಿಕ್ಕ ನಾಣ್ಯ ಇಡೀ ಊರಿನ ವಯಸ್ಸು ತಿಳಿಯಲು ನೆರವಾಗುತ್ತದೆ. ಅದೇ ನಾಣ್ಯವನ್ನು ರಾತ್ರಿ ಗುಂಡಿ ತೋಡಿ ಕಿತ್ತುಕೊಂಡು ಹೋದರೆ? ಕೈಗೆ ಸಿಗುವುದು ಲೋಹ ಮಾತ್ರ. ಅದು ಹೇಳಬೇಕಿದ್ದ ಕಥೆ ಗುಂಡಿಯಲ್ಲೇ ಹಾಳಾಗುತ್ತದೆ, ಮತ್ತೆ ಜೋಡಿಸಲು ಬರುವುದಿಲ್ಲ.

ನಮ್ಮ ಮಣ್ಣಲ್ಲಿ ಮಷೀನ್ ಯಾಕೆ ಸುಳ್ಳು ಹೇಳುತ್ತದೆ?

ಡಿಟೆಕ್ಟರ್‌ನ ಸುರುಳಿ ಮಣ್ಣಿನೊಳಗೆ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ವಿದ್ಯುತ್ ಹರಿದು, ಅದರಿಂದ ಹುಟ್ಟುವ ಕಾಂತಕ್ಷೇತ್ರ ವಾಪಸ್ ಬಂದಾಗ ಮಷೀನ್ ಕೂಗುತ್ತದೆ. ಆದರೆ ಕೆಂಪು ಮಣ್ಣು, ಕಬ್ಬಿಣದ ಅದಿರಿನ ಕಲ್ಲುಗಳಲ್ಲಿ ಮ್ಯಾಗ್ನಟೈಟ್, ಮ್ಯಾಗ್‌ಹೆಮೈಟ್ ಎಂಬ ಖನಿಜಗಳಿದ್ದರೆ ಅವೂ ಪ್ರತಿಕ್ರಿಯಿಸುತ್ತವೆ. ಶಿವಮೊಗ್ಗ, ಚಿತ್ರದುರ್ಗದ ಶಿಲಾಪಟ್ಟಿಗಳು ಹಾದುಹೋಗುವ ಈ ಭಾಗದಲ್ಲಿ ಕಬ್ಬಿಣ, ಮ್ಯಾಂಗನೀಸ್ ಇರುವ ಕಲ್ಲುಗಳಿಗೆ ಬರವಿಲ್ಲ. ಹಾಗಾಗಿ ಬರೀ ಕಲ್ಲಿಗೂ ಮಷೀನ್ ಕೂಗಬಹುದು; ನಿಜವಾದ ನಾಣ್ಯದ ಸದ್ದು ಅದರಲ್ಲಿ ಮುಳುಗಿಹೋಗಬಹುದು.

ಮಣ್ಣಿಗೆ ತಕ್ಕಂತೆ ಹೊಂದಿಸುವ ಸೌಲಭ್ಯ ಒಳ್ಳೆಯ ಮಷೀನ್‌ಗಳಲ್ಲಿರುತ್ತದೆ. ಆದರೂ ಸಾಮಾನ್ಯ ಡಿಟೆಕ್ಟರ್‌ಗೆ ಒಂದು ನಾಣ್ಯ ಗೊತ್ತಾಗುವುದು ಹೆಚ್ಚೆಂದರೆ ಒಂದು ಅಡಿಯ ಆಸುಪಾಸಿನ ಆಳದವರೆಗೆ. ಖನಿಜ ಹೆಚ್ಚಿರುವ ಮಣ್ಣಲ್ಲಿ ಅದಕ್ಕಿಂತಲೂ ಕಡಿಮೆ. ಸೀಸ ಬೆಳ್ಳಿಯಷ್ಟು ಚೆನ್ನಾಗಿ ವಿದ್ಯುತ್ ಹರಿಸುವುದಿಲ್ಲ, ಆದ್ದರಿಂದ ಚಿಕ್ಕ ಸೀಸದ ನಾಣ್ಯದ ಸದ್ದು ಇನ್ನೂ ಕ್ಷೀಣ. ಅಲ್ಯೂಮಿನಿಯಂ ಚೂರಿಗೂ ಚಿನ್ನಕ್ಕೂ ಒಂದೇ ಥರ ಕೂಗುವುದೂ ಉಂಟು. ಹತ್ತಾರು ಅಡಿ ಆಳದ ಚಿನ್ನದ ನಾಣ್ಯ ತೋರಿಸುತ್ತದೆ ಎಂದು ಯಾರಾದರೂ ಮಷೀನ್ ಮಾರಲು ಬಂದರೆ ನಂಬಬೇಡಿ.

ಮಷೀನ್ ಕಾಣದ ನಿಧಿ

ಕೃಷ್ಣ ಅವರ ಹೆಸರು ಕನ್ನಡಿಗರಿಗೆ ಹೆಚ್ಚು ಪರಿಚಯವಾದದ್ದು ನಾಣ್ಯದಿಂದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿದ್ದ ಒಂದು ಕಲ್ಲನ್ನು ಅವರು ಓದಿ, 1936ರ ಇಲಾಖಾ ವರದಿಯಲ್ಲಿ ಪ್ರಕಟಿಸಿದರು. ಸುಮಾರು ಕ್ರಿ.ಶ. 450ರದೆನ್ನುವ ಆ ಶಾಸನ ಕನ್ನಡದ ಹಳಮೆಗೆ ದೊಡ್ಡ ಸಾಕ್ಷಿ. ಅದರ ಮುಂದೆ ಎಷ್ಟೇ ಬೆಲೆಯ ಡಿಟೆಕ್ಟರ್ ಹಿಡಿದರೂ ಚಿನ್ನ ಇದೆ ಎಂದು ಕೂಗುವುದಿಲ್ಲ. ನಿಧಿ ಹುಡುಕುವವರು ಒಡೆದು ಹಾಕುವುದು ಇಂಥ ಕಲ್ಲುಗಳನ್ನೇ.

ಮುಂದೆ ಬ್ರಹ್ಮಗಿರಿಯಲ್ಲೂ ಅವರು ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಮತ್ತೆ ಅಗೆದು ಪದರಗಳ ಕಾಲ ಗುರುತಿಸಿದರು. ಕೃಷ್ಣ ಅವರು ತೀರಿಕೊಂಡದ್ದೂ ಅದೇ ವರ್ಷ.

ನಿಮಗೆ ನಾಣ್ಯ ಸಿಕ್ಕರೆ ಏನು ಮಾಡಬೇಕು?

ಹೊಲ ಉಳುವಾಗ, ಪಾಯ ತೋಡುವಾಗ ಹಳೆ ನಾಣ್ಯ ಸಿಕ್ಕರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಉಜ್ಜಿ ತೊಳೆಯಬೇಡಿ, ಹುಣಸೆಹಣ್ಣು ಹಚ್ಚಬೇಡಿ. ಸಿಕ್ಕ ಜಾಗದ ಫೋಟೊ ತೆಗೆದು ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ನಿಧಿಯನ್ನು ಬಚ್ಚಿಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ, ಜೈಲೂ ಆಗಬಹುದು. ಸಂರಕ್ಷಿತ ಸ್ಮಾರಕಗಳ ಬಳಿ ಅನುಮತಿ ಇಲ್ಲದೆ ಅಗೆಯುವುದೂ ಅಪರಾಧವೇ.

ಮುಂದಿನ ಸಲ ನಿಧಿಯ ವಿಡಿಯೊ ಬಂದರೆ, ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.