ಶೇಷಾದ್ರಿ ಅಯ್ಯರ್ ಮತ್ತು ಕೋಲಾರದ ಬೆಳಕು

ಬಂಗಾರಪೇಟೆಯ ನಿಲ್ದಾಣದಲ್ಲಿಳಿದು ಚಿನ್ನದ ಗಣಿಯ ಕಡೆಗೆ ಹೊರಡುವ ಕವಲುಹಾದಿಯ ರೈಲನ್ನು ಹಿಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಬೂದುಬಣ್ಣದ ದಿಬ್ಬಗಳು ಕಾಣಿಸಿಕೊಳ್ಳುತ್ತವೆ. ಅವು ಪ್ರಕೃತಿ ನಿರ್ಮಿಸಿದ ಗುಡ್ಡಗಳಲ್ಲ. ಕಲ್ಲನ್ನು ಅರೆದು, ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳು. ಚಿನ್ನ ಕಡಲಾಚೆಗೆ ಹೋಯಿತು, ಪುಡಿ ಇಲ್ಲಿ ಉಳಿಯಿತು. ಈ ನೆಲದ ಕಥೆಯನ್ನು ಇಷ್ಟಕ್ಕೇ ಮುಗಿಸಿಬಿಡುವವರು ಉಂಟು. ಆದರೆ ಸಣ್ಣ ಸಂಸ್ಥಾನವೊಂದು ದೊಡ್ಡ ಜಗತ್ತಿನೊಡನೆ ವ್ಯವಹರಿಸಲು ಕಲಿತ ಇನ್ನೊಂದು ಕಥೆಯೂ ಇದೇ ನೆಲದಲ್ಲಿದೆ. ಅದರ ನಾಯಕರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

ಶೇಷಾದ್ರಿ ಅಯ್ಯರ್ ಅವರು ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲಘಾಟ್ ಪ್ರದೇಶದಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರಿನ ಸರ್ಕಾರಿ ಸೇವೆಗೆ ಬಂದರು. ಆಗ ಮೈಸೂರು ಇಂಗ್ಲಿಷರ ಕಮೀಷನರರ ಆಳ್ವಿಕೆಯಲ್ಲಿತ್ತು. ಆಡಳಿತದ ಒಂದೊಂದೇ ಮೆಟ್ಟಿಲನ್ನು ಏರುತ್ತ ಬಂದ ಈ ತರುಣ, 1876ರಿಂದ 1878ರವರೆಗಿನ ಭೀಕರ ಕ್ಷಾಮವನ್ನು ಕಣ್ಣಾರೆ ಕಂಡವರು. ಮಳೆಯೊಂದನ್ನೇ ನಂಬಿದ ನಾಡಿಗೆ ಎಂಥ ಗತಿಯೊದಗುತ್ತದೆಂಬುದಕ್ಕೆ ಅದಕ್ಕಿಂತ ಬೇರೆ ಪಾಠ ಬೇಕಿರಲಿಲ್ಲ.

1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಮರಳಿದ್ದು ರಾಜ್ಯ ಮಾತ್ರವಲ್ಲ, ಕ್ಷಾಮಕಾಲದ ಸಾಲದ ಹೊರೆಯೂ ಕೂಡ. ಬ್ರಿಟಿಷರಿಗೆ ವರ್ಷವರ್ಷವೂ ಲಕ್ಷಗಟ್ಟಲೆ ರೂಪಾಯಿಗಳ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. ಹೊಸ ಆಡಳಿತಕ್ಕೆ ಅಡಿಪಾಯ ಹಾಕಿ, ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ ದಿವಾನ್ ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ತೀರಿಕೊಂಡರು. ಆ ಸ್ಥಾನಕ್ಕೆ ಬಂದ ಶೇಷಾದ್ರಿ ಅಯ್ಯರ್ ಅವರಿಗೆ ಆಗಿನ್ನೂ ಮೂವತ್ತೆಂಟು ತುಂಬಿರಲಿಲ್ಲ. ಅಲ್ಲಿಂದ ಹದಿನೆಂಟು ವರ್ಷ ಅವರೇ ಮೈಸೂರಿನ ದಿವಾನರು.

ಅಷ್ಟು ಹೊತ್ತಿಗೆ ಕೋಲಾರದ ಚಿನ್ನ ಹೊರಗಿನವರ ಕಣ್ಣಿಗೆ ಬಿದ್ದಾಗಿತ್ತು. ನ್ಯೂಜಿಲೆಂಡಿನ ಯುದ್ಧದಿಂದ ಹಿಂದಿರುಗಿ ಬೆಂಗಳೂರಿನಲ್ಲಿ ನೆಲಸಿದ್ದ ಲಾವೆಲ್ ಎಂಬ ಐರಿಷ್ ಸೈನಿಕ, 1870ರ ದಶಕದಲ್ಲೇ ಇಲ್ಲಿ ಅಗೆಯುವ ಹಕ್ಕನ್ನು ಪಡೆದಿದ್ದನು. 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದರ ಪಕ್ಕದಲ್ಲೊಂದು ಎದ್ದು ನಿಂತವು. ಬಂಡವಾಳ ಅವರದು, ಯಂತ್ರ ಅವರದು, ಲಾಭ ಹಂಚಿಕೊಳ್ಳುವ ಷೇರುದಾರರೂ ಅವರವರೇ. ಸಂಸ್ಥಾನಕ್ಕೆ ಬರುತ್ತಿದ್ದುದು ರಾಜಧನ. ಈ ಆದಾಯ ಬೊಕ್ಕಸಕ್ಕೆ ದೊಡ್ಡ ಆಸರೆಯಾಯಿತು, ನಿಜ. ಆದರೆ ಒಡವೆಯ ಪೆಟ್ಟಿಗೆಯನ್ನೇ ಪರರ ಕೈಗಿತ್ತು ಅದರ ಬಾಡಿಗೆಯನ್ನೆಣಿಸುತ್ತ ಕೂರುವ ಯಜಮಾನನ ಸ್ಥಿತಿ ಅದು.

ದಿವಾನರು ಗಣಿಗಾರರೊಡನೆ ಕಾದಾಟಕ್ಕೆ ನಿಲ್ಲಲಿಲ್ಲ. ಅವರ ಅಗತ್ಯವೇನೆಂಬುದನ್ನು ನೋಡಿಕೊಂಡರು. ಮೊದಲನೆಯದು ಸಾಗಣೆ. ಬೌರಿಂಗ್ ಪೇಟೆಯೆಂದು ಆಗ ಕರೆಸಿಕೊಳ್ಳುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ, ಸುಮಾರು 10 ಮೈಲಿಯ ರೈಲುಮಾರ್ಗ ಸಂಸ್ಥಾನದ ಸ್ವತ್ತಾಗಿಯೇ 1894ರಲ್ಲಿ ತೆರೆಯಿತು. ಎರಡನೆಯದು ಶಕ್ತಿ. ಗಣಿಯ ಯಂತ್ರಗಳೆಲ್ಲ ಉಗಿಯಿಂದ ನಡೆಯುತ್ತಿದ್ದವು. ದೂರದಿಂದ ಬರುವ ಕಲ್ಲಿದ್ದಲಿನ ವೆಚ್ಚ ವಿಪರೀತವಾಗಿತ್ತು. ಅತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮಾರು 400 ಅಡಿ ಎತ್ತರದಿಂದ ಯಾರಿಗೂ ಉಪಯೋಗವಿಲ್ಲದೆ ಧುಮ್ಮಿಕ್ಕುತ್ತಿದ್ದಳು.

ಈ ಎರಡು ಸಂಗತಿಗಳನ್ನು ಒಂದು ತಂತಿಯಿಂದ ಬೆಸೆಯಬಹುದೆಂಬ ಆಲೋಚನೆ ಇಂದು ನಮಗೆ ಸಹಜವಾಗಿ ತೋರುತ್ತದೆ. ಅಂದು ಅದು ಸಾಹಸ. ಅಮೆರಿಕದ ನಯಾಗರಾ ಜಲಪಾತದ ವಿದ್ಯುತ್ತು ಹತ್ತಿರದ ಬಫಲೋ ನಗರವನ್ನು ತಲುಪಿದ್ದೇ 1896ರಲ್ಲಿ. ಶಿವನಸಮುದ್ರದಿಂದ ಕೋಲಾರದ ಗಣಿಗೆ 92 ಮೈಲಿ. ಮೈಸೂರಿನ ಸೇವೆಯಲ್ಲಿದ್ದ ಜೋಲಿ ಡಿ ಲೋಟ್ಬಿನಿಯೇರ್ ಎಂಬ ಸೈನಿಕ ಎಂಜಿನಿಯರರು ಕೆನಡಾದ ಕ್ವಿಬೆಕ್ ಪ್ರಾಂತದವರು. ಅವರನ್ನು ದಿವಾನರು ಯೂರೋಪು ಅಮೆರಿಕಗಳಿಗೆ ಕಳುಹಿಸಿದರು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದ, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಸಂಸ್ಥೆಯಿಂದ ಬಂದವು. ಶಕ್ತಿಯನ್ನು ಕೊಳ್ಳಲು ಬ್ರಿಟಿಷ್ ಗಣಿ ಕಂಪೆನಿಗಳೊಡನೆ ಮೊದಲೇ ಕರಾರಾಯಿತು. ಅಧೀನ ಸಂಸ್ಥಾನವೊಂದರ ಹಳ್ಳಿಗಾಡಿನಲ್ಲಿ ನಾಲ್ಕು ದೇಶಗಳ ಜಾಣ್ಮೆ ಮತ್ತು ಹಣ ಹೀಗೆ ಒಂದೇ ಕೆಲಸಕ್ಕೆ ಕೂಡಿಬಂದವು.

ನೆರೆಯವರ ಸಮ್ಮತಿಯೂ ಬೇಕಿತ್ತು. ಹೊಳೆಯಾಚೆಯ ಕೊಳ್ಳೇಗಾಲ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದರಾಸಿನ ಒಪ್ಪಿಗೆಯಿಲ್ಲದೆ ಕಾವೇರಿಗೆ ಹೊಸ ಕಟ್ಟೆ ಕಟ್ಟಕೂಡದೆಂದು 1892ರ ಒಪ್ಪಂದ ಮೈಸೂರಿನ ಕೈಯನ್ನು ಕಟ್ಟಿತ್ತು. ಅದು ಸಮಾನರ ನಡುವಣ ಒಪ್ಪಂದವಾಗಿರಲಿಲ್ಲ. ಅದಾದದ್ದು ಇದೇ ದಿವಾನರ ಕಾಲದಲ್ಲಿ ಎಂಬುದನ್ನೂ ಮರೆಮಾಚಬಾರದು. ಆದರೆ ಈ ಯೋಜನೆಯಲ್ಲೊಂದು ಅನುಕೂಲವಿತ್ತು. ಚಕ್ರವನ್ನು ತಿರುಗಿಸಿದ ನೀರು ಮತ್ತೆ ಹೊಳೆಯನ್ನೇ ಸೇರುತ್ತದೆ. ಕೆಳಗಿನ ರೈತನಿಗೆ ಹನಿಯೂ ನಷ್ಟವಿಲ್ಲ. ಯಾರ ಪಾಲನ್ನೂ ಕಸಿಯದೆ ಎಲ್ಲರ ಪಾಲನ್ನೂ ಹೆಚ್ಚಿಸುವ ಕೆಲಸಕ್ಕೆ ನೆರೆಹೊರೆಯವರು ಒಪ್ಪುವುದು ಸುಲಭ. ಶಾಂತಿಯೆಂಬುದು ಬಹುಮಟ್ಟಿಗೆ ಇಂಥ ಲೆಕ್ಕಾಚಾರಗಳ ಫಲ.

ದಿವಾನರ ಕಾರ್ಯಕ್ಷೇತ್ರ ಇದೊಂದೇ ಆಗಿರಲಿಲ್ಲ. 1894ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದಾಗ, ಬಾಲಕ ಕೃಷ್ಣರಾಜರ ಪರವಾಗಿ ರಾಜ್ಯಭಾರ ವಹಿಸಿದ ಮಹಾರಾಣಿಯವರಿಗೆ ಆಸರೆಯಾಗಿ ನಿಂತವರು ಅವರು. ಬೆಂಗಳೂರಿಗೆ ಹೆಸರುಘಟ್ಟದಿಂದ ಕುಡಿಯುವ ನೀರು ಹರಿದದ್ದು, ಮಾರಿಕಣಿವೆಯ ಅಣೆಕಟ್ಟಿನ ಕೆಲಸ ತೊಡಗಿದ್ದು, ಭೂಗರ್ಭ ಶೋಧನೆಗೆ ಒಂದು ಇಲಾಖೆ ಹುಟ್ಟಿದ್ದು ಇವೆಲ್ಲ ಅವರ ಕಾಲದ ಕಾರ್ಯಗಳು. ಅವರನ್ನು ಮೆಚ್ಚದವರೂ ಇದ್ದರು. ಮದರಾಸಿನಿಂದ ಬಂದವರಿಗೇ ಮೇಲಿನ ಹುದ್ದೆಗಳು ದೊರೆಯುತ್ತಿವೆಯೆಂಬ ಮೈಸೂರಿಗರ ಕೊರಗು ಅವರ ಕಾಲದುದ್ದಕ್ಕೂ ಕೇಳಿಬಂತು. ಅದು ಬರಿಯ ಅಸೂಯೆಯ ಮಾತಾಗಿರಲಿಲ್ಲ.

ಪ್ರಯಾಸದ ಆಡಳಿತ ದೇಹವನ್ನು ಸವೆಸಿತ್ತು. 1901ರ ಮಾರ್ಚಿಯಲ್ಲಿ ಅನಾರೋಗ್ಯದಿಂದ ಅವರು ನಿವೃತ್ತರಾದರು. ಅದೇ ಸೆಪ್ಟೆಂಬರ್ 13ರಂದು ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಶಿವನಸಮುದ್ರದ ಕೆಲಸ ಆಗಿನ್ನೂ ಮುಗಿದಿರಲಿಲ್ಲ. 1902ರ ಜೂನ್ 30ರಂದು ಕಾವೇರಿಯ ಶಕ್ತಿ 92 ಮೈಲಿ ಹರಿದು ಕೋಲಾರದ ಗಣಿಯನ್ನು ಮುಟ್ಟಿತು. ಅಂದಿನ ಜಗತ್ತಿನಲ್ಲಿ ಅತಿ ದೂರ ಸಾಗಿದ ವಿದ್ಯುನ್ಮಾರ್ಗಗಳಲ್ಲಿ ಅದೂ ಒಂದು. ಕನಸು ಕಂಡವರು ಆ ದೀಪವನ್ನು ಕಾಣಲಿಲ್ಲ.

ಆ ಬೆಳಕು ಯಾರಿಗೆ ದೊರೆಯಿತೆಂಬ ಪ್ರಶ್ನೆಯನ್ನೂ ಕೇಳಬೇಕು. ಮೊದಲು ಅದು ಗಣಿಯ ಯಂತ್ರಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು, ಪಾತಾಳಕ್ಕಿಳಿದು ಕಲ್ಲು ಒಡೆಯುತ್ತಿದ್ದ ಕೂಲಿಕಾರರು ಮಾತ್ರ ತಟ್ಟಿಯ ಗುಡಿಸಲುಗಳಲ್ಲಿ ಬಹುಕಾಲ ಕತ್ತಲೆಯಲ್ಲೇ ಉಳಿದರು. ಯಾವ ಅಭಿವೃದ್ಧಿಯೇ ಆಗಲಿ, ತನ್ನ ಹೊರೆಯನ್ನು ಹೊತ್ತವನ ಗುಡಿಸಲನ್ನು ಕೊನೆಗೆ ನೆನೆಯುವುದಾದರೆ, ಅದರ ಕೀರ್ತಿಯಲ್ಲಿ ಅಷ್ಟು ಭಾಗ ಕಡಿಮೆಯೆಂದೇ ಎಣಿಸಬೇಕು. ದಿವಾನರ ಕೀರ್ತಿಗೂ ಈ ಮಾತು ಸಲ್ಲುತ್ತದೆ.

ಮುಂದೆ ಆ ಗಣಿಯ ಆಳದಲ್ಲಿ ಬೇರೊಂದು ಬಗೆಯ ಸಹಕಾರವೂ ನಡೆಯಿತು. 1965ರಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡುಗಳ ವಿಜ್ಞಾನಿಗಳು ಎರಡು ಕಿಲೋಮೀಟರಿಗೂ ಆಳದಲ್ಲಿ ಉಪಕರಣಗಳನ್ನಿರಿಸಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಎರಡು ದಶಕಗಳ ಹಿಂದೆ ಯುದ್ಧದಲ್ಲಿ ಎದುರುಬದುರಾಗಿದ್ದ ದೇಶಗಳ ಜನ ಕೋಲಾರದ ಕಲ್ಲಿನ ಕೆಳಗೆ ಒಟ್ಟಿಗೆ ಕುಳಿತರು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶವಾದವು, ಆಮೇಲೆ ಕೇಂದ್ರಕ್ಕೆ ಸೇರಿದವು. 2001ರ ಫೆಬ್ರವರಿ 28ರಂದು ಮುಚ್ಚಿಹೋದವು. ಇಂದು ಗಣಿಯೂರಿನ ಸಾವಿರಾರು ಮಂದಿ ಮುಂಜಾನೆಯ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಗುತ್ತಿಗೆಗೆ ಕೊಟ್ಟ ಚಿನ್ನ ತೀರಿತು. ಸಂಸ್ಥಾನವು ತನ್ನದೆಂದು ಉಳಿಸಿಕೊಂಡ ರೈಲು ಹಾದಿ ಇಂದಿಗೂ ಅವರನ್ನು ಹೊರುತ್ತಿದೆ. ಶಿವನಸಮುದ್ರದ ಚಕ್ರಗಳು ಇಂದಿಗೂ ತಿರುಗುತ್ತಿವೆ. ದೊಡ್ಡವರ ನೆರವನ್ನು ಪಡೆಯುವ ಸಣ್ಣ ನಾಡು ಯಾವುದನ್ನು ಕೊಡಬೇಕು, ಯಾವುದನ್ನು ಕೈಬಿಡಬಾರದು ಎಂಬುದನ್ನು ಶೇಷಾದ್ರಿ ಅಯ್ಯರ್ ಅವರ ಬಾಳು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.