ಸ್ಟೇಡಿಯಂ ಹೆಸರಿನ ಹಿಂದಿನ ಮನುಷ್ಯ

ಕೆಜಿಎಫ್, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಮ್ಯಾಚ್ ನೋಡಲು ಹೋಗುವ ಹುಡುಗರಿಗೆ ಚಿನ್ನಸ್ವಾಮಿ ಅಂದರೆ ಸ್ಟೇಡಿಯಂ, ಅಷ್ಟೆ. ಆ ಮನುಷ್ಯನನ್ನು ನಾವು ಮರೆತೇಬಿಟ್ಟಿದ್ದೇವೆ.

ಎಂ. ಚಿನ್ನಸ್ವಾಮಿ ಹುಟ್ಟಿದ್ದು 1900ರಲ್ಲಿ. ಮಂಡ್ಯದವರು, ವಕೀಲರು. ಹೆಸರು ಮಾಡಿದ್ದು ಬ್ಯಾಟು ಹಿಡಿದಲ್ಲ, ಕಚೇರಿಯಲ್ಲಿ ದುಡಿದು. 1953ರಿಂದ 1978ರವರೆಗೆ, 25 ವರ್ಷ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಆಗ ರಣಜಿ ಪಂದ್ಯಗಳಿಗೆ ಸೆಂಟ್ರಲ್ ಕಾಲೇಜು ಮೈದಾನವೇ ಗತಿ. ಸಂಸ್ಥೆಗೊಂದು ಸ್ವಂತ ನೆಲೆ ಬೇಕೆಂದು ಹಟ ಹಿಡಿದರು. ಸರಕಾರ ಜಾಗ ಕೊಟ್ಟಿತು, 1970ರಲ್ಲಿ ಕಟ್ಟುವ ಕೆಲಸ ಶುರುವಾಯಿತು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರು ತನ್ನ ಮೊದಲ ಟೆಸ್ಟ್ ಕಂಡಿತು. 1977ರಿಂದ 1980ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆದರು. 1991ರಲ್ಲಿ ತೀರಿಕೊಂಡರು.

ಆಡುವವರಿಗೆ ಚಪ್ಪಾಳೆ ಹೇಗೂ ಸಿಗುತ್ತದೆ. ಆಡಲು ಜಾಗ ಮಾಡಿಕೊಟ್ಟವರನ್ನೂ ನಾವು ನೆನೆಯಬೇಕಲ್ಲವೇ?